ಕರವಸ್ತ್ರಕ್ಕೊಂದು ಕ್ಲೋಸ್‌ಅಪ್: ವೆಲ್ಸ್‌ನ ‘ಒಥೆಲೊ’ ಬ್ಲೂ-ರೇ

ಮೊದಲೇ ಹೇಳಿಬಿಡುತ್ತೇನೆ, ಆರ್ಸನ್ ವೆಲ್ಸ್ ತಾನೇ ನಿರ್ದೇಶಿಸಿ ನಟಿಸಿದ ‘ಒಥೆಲೊ’ ಸಿನಿಮಾದ ಈ ಡಿಸ್ಕ್ ನಮ್ಮ ಕಡೆಯ ಮಾಮೂಲಿ ಬ್ಲೂ-ರೇ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಹಳೆಯ ಒಳ್ಳೆಯ ಚಿತ್ರಗಳ ಡಿಸ್ಕ್ ಮಾಡುವ ಕ್ರೈಟೀರಿಯನ್ ಕಂಪನಿಯವರು 2017ರಲ್ಲಿ ಅಮೆರಿಕದಲ್ಲಿ ತಂದದ್ದು ಇದು. ಯಾವ ಡಿಸ್ಕ್ ಯಾವ ದೇಶಗಳಲ್ಲಿ ಓಡಬೇಕು ಅಂತ ‘ರೀಜನ್’ ಮಾಡಿ ಹಂಚಿರುತ್ತಾರೆ. ಇದು ರೀಜನ್ ‘ಎ’ಗೆ ಲಾಕ್ ಆಗಿದೆ, ಭಾರತದ್ದು ರೀಜನ್ ‘ಸಿ’. ಪುಣೆಯವರಾದರೆ ಎಲ್ಲ ರೀಜನ್ ಓಡಿಸುವ ಪ್ಲೇಯರ್‌ಗೆ ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ತಾಪಕೀರ ಗಲ್ಲಿಯಲ್ಲಿ ವಿಚಾರಿಸಿ ನೋಡಬಹುದು. ನಾನು ಕೋಥರೂಡಿನ ಗೆಳತಿಯ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಮಲ್ಟಿ-ರೀಜನ್ ಪ್ಲೇಯರ್ ಹೊತ್ತು ತಂದೆ. ಡಿಸ್ಕ್ ತಂದುಕೊಟ್ಟದ್ದು ರಜೆಗೆ ಬಂದ ಅಣ್ಣನ ಮಗ.

ಇಷ್ಟೆಲ್ಲ ಒದ್ದಾಟ ಯಾಕೆ ಅಂದರೆ, ಇಲ್ಲಿ ನಾವು ಒಂದಷ್ಟು ಕನ್ನಡದವರು ಸೇರಿ ನಾಟಕ ಆಡುತ್ತೇವೆ. ಈ ಸಲ ರಂಗದ ಮೇಲೆ ಬೇಡ, ಷೇಕ್ಸ್‌ಪಿಯರನ ‘ಒಥೆಲೊ’ದ ಮೂರನೇ ಅಂಕದ ಮೂರನೇ ದೃಶ್ಯವನ್ನು ಕಿರುಚಿತ್ರ ಮಾಡೋಣ ಅಂತ ಹುಡುಗರು ಹಟ ಹಿಡಿದರು. ನಿರ್ದೇಶನ ನನ್ನ ತಲೆಗೆ ಬಂತು. ಹಾಗಾಗಿ ಇದನ್ನು ನಾನು ನೋಡಿದ್ದು ಕೆಲಸ ಕಲಿಯಲು. ಬರೆಯುವುದೂ ಅದೇ ಲೆಕ್ಕದಲ್ಲಿ.

ಕಥೆಯೇನೂ ನಮಗೆ ಹೊಸದಲ್ಲ. ವೆನಿಸ್ಸಿನ ಕರಿಯ ದಂಡನಾಯಕ ಒಥೆಲೊ ಕೈಕೆಳಗಿನ ಇಯಾಗೊನ ಚಾಡಿ ನಂಬಿ, ಹೆಂಡತಿ ಡೆಸ್ಡಿಮೋನಾಗೂ ತನ್ನ ಅಧಿಕಾರಿ ಕ್ಯಾಸಿಯೊಗೂ ಸಂಬಂಧ ಇದೆ ಅಂತ ಅವಳನ್ನು ಕೊಲ್ಲುತ್ತಾನೆ. 1604ರಲ್ಲಿ ಲಂಡನ್ನಿನ ಅರಮನೆಯಲ್ಲಿ ಆಡಿದ ನಾಟಕವನ್ನು ಮೈಸೂರಿನ ಬಸವಪ್ಪ ಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ ಮಾಡಿದರು. 1890ರಲ್ಲಿ ಗೋವಿಂದ ಬಲ್ಲಾಳ ದೇವಲ್ ಮರಾಠಿಗೆ ‘ಝುಂಝಾರರಾವ್’ ಅಂತ ತಂದರು. ಊರು, ಹೆಸರು, ಬಟ್ಟೆ ಬದಲಿಸುವುದು ನಮ್ಮವರಿಗೆ ಆಗಿನಿಂದಲೇ ಗೊತ್ತು. ಕಷ್ಟ ಇರುವುದು ಕ್ಯಾಮೆರಾ ಮುಂದೆ.

ನಾಟಕದಲ್ಲಿ ವಿಷ ಹೋಗುವುದು ಕಿವಿಯಿಂದ. ಒಥೆಲೊ ಎಷ್ಟೇ ದೊಡ್ಡ ದಂಡನಾಯಕನಾದರೂ ಕಿವಿ ಮಾತ್ರ ಹಿತ್ತಾಳೆಯದು. ಇಯಾಗೊ ಊದುತ್ತಾ ಹೋಗುತ್ತಾನೆ, ಇವನು ಕೇಳುತ್ತಾ ಹೋಗುತ್ತಾನೆ. ‘ಕಣ್ಣಿಗೆ ಕಾಣುವ ಸಾಕ್ಷಿ ಕೊಡು’ ಅಂತ ಅವನ ಕುತ್ತಿಗೆ ಹಿಡಿದರೂ ಕೊನೆಗೆ ಸಿಗುವುದು ಇನ್ನೊಂದು ಮಾತೇ. ಒಥೆಲೊ ಹೆಂಡತಿಗೆ ಕೊಟ್ಟಿದ್ದ ಕರವಸ್ತ್ರದಲ್ಲಿ ಕ್ಯಾಸಿಯೊ ಗಡ್ಡ ಒರೆಸಿಕೊಂಡದ್ದು ನೋಡಿದೆ ಅನ್ನುವ ಸುಳ್ಳು. ಸಿನಿಮಾ ಹಾಗಲ್ಲ, ಅದು ತೋರಿಸಿಯೇ ತೀರುತ್ತದೆ. ತೋರಿಸಿದರೆ ಒಥೆಲೊ ದಡ್ಡನ ಹಾಗೆ ಕಾಣುತ್ತಾನೆ, ತೋರಿಸದಿದ್ದರೆ ಇಬ್ಬರು ನಿಂತು ಮಾತಾಡುವ ರೇಡಿಯೊ ನಾಟಕ ಆಗುತ್ತದೆ.

ಆರ್ಸನ್ ವೆಲ್ಸ್ ಇದಕ್ಕೆ ಹುಡುಕಿದ ದಾರಿ ನನಗೆ ತುಂಬಾ ಹಿಡಿಸಿತು. ಅವನು ಸಾಕ್ಷಿ ತೋರಿಸಲು ಹೋಗುವುದಿಲ್ಲ, ಒಥೆಲೊ ನಿಂತ ಜಾಗವನ್ನೇ ಕೆಡಿಸುತ್ತಾನೆ. ಚಾಡಿ ಶುರುವಾಗುವುದು ಕೋಟೆಯ ಮೇಲೆ, ಸಮುದ್ರದ ಪಕ್ಕ, ಬಟಾಬಯಲಿನ ಬೆಳಕಿನಲ್ಲಿ. ಇಬ್ಬರೂ ನಡೆಯುತ್ತಾ ಬರುತ್ತಾರೆ, ಕ್ಯಾಮೆರಾ ಹಿಂದೆ ಹಿಂದೆ ಸರಿಯುತ್ತಾ ಹೋಗುತ್ತದೆ. ಎಷ್ಟೋ ಹೊತ್ತು ಕಟ್ ಇಲ್ಲ. ಕಾಲ ಸಪ್ಪಳ, ಗಾಳಿ, ಮಾತು, ಅಷ್ಟೇ. ಆಮೇಲೆ ಒಳಗೆ ಹೋಗುತ್ತಾರೆ. ಅಲ್ಲಿ ಒಥೆಲೊ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಕಂಬ, ಸರಳು, ಜಾಲರಿಯ ನೆರಳು ಅವನ ಮೇಲೆ ಬೀಳುತ್ತಲೇ ಇರುತ್ತದೆ. ಕಿವಿಯಲ್ಲಿ ಬಿದ್ದ ಅನುಮಾನ ನಮಗೆ ಕಣ್ಣಲ್ಲಿ ಕಾಣುವುದು ಹೀಗೆ. ಈ ಭಾಗವನ್ನು ರಿಮೋಟ್ ಹಿಡಿದು ಹಿಂದೆ ಮುಂದೆ ಮಾಡಿ ನೋಡಿ. ನಡಿಗೆ ಎಲ್ಲಿ ನಿಧಾನವಾಗುತ್ತದೆ, ಯಾರು ಮೊದಲು ನಿಲ್ಲುತ್ತಾರೆ ಅನ್ನುವುದರಲ್ಲೇ ಅರ್ಧ ಪಾಠ ಇದೆ.

ಅದೂ ದುಡ್ಡಿಲ್ಲದೆ ಮಾಡಿದ ಸಿನಿಮಾ. ಇಟಲಿಯ ನಿರ್ಮಾಪಕರು ದಿವಾಳಿಯೆದ್ದ ಮೇಲೆ ವೆಲ್ಸ್ ಬೇರೆಯವರ ಚಿತ್ರಗಳಲ್ಲಿ ಪಾತ್ರ ಮಾಡಿ, ಬಂದ ಹಣದಲ್ಲಿ ಮೊರಾಕೊ, ಇಟಲಿ ಅಂತ ತುಂಡು ತುಂಡಾಗಿ ಶೂಟಿಂಗ್ ಮಾಡಿದ. ಇಯಾಗೊನ ಕೈಗೊಂಬೆ ರೊಡೆರಿಗೊ ಸಾಯುವ ದೃಶ್ಯಕ್ಕೆ ವೇಷಭೂಷಣ ಬರಲಿಲ್ಲ. ಸರಿ, ಹಬೆ ತುಂಬಿದ ಸ್ನಾನದ ಮನೆ ಮಾಡಿ, ಟವಲ್ ಸುತ್ತಿ ನಿಲ್ಲಿಸಿದ. ಇಯಾಗೊ ವೆನಿಸ್ ಹತ್ತಿರದ ಟೊರ್ಚೆಲ್ಲೊ ದ್ವೀಪದ ಚರ್ಚಿನಿಂದ ಹೆಜ್ಜೆ ಹೊರಗಿಟ್ಟರೆ ಆಫ್ರಿಕಾದ ಪೋರ್ಚುಗೀಸ್ ನೀರತೊಟ್ಟಿಯೊಳಗೆ ಬಂದಿರುತ್ತಾನೆ. ವೆಲ್ಸ್ ಇದನ್ನೆಲ್ಲ ‘ಫಿಲ್ಮಿಂಗ್ ಒಥೆಲೊ’ ಅನ್ನುವ ಸಾಕ್ಷ್ಯಚಿತ್ರದಲ್ಲಿ ತಾನೇ ಕೂತು ಹೇಳುತ್ತಾನೆ. ಅದೂ ಈ ಸೆಟ್‌ನಲ್ಲೇ ಇದೆ. ನನ್ನ ಪ್ರಕಾರ ಕೊಟ್ಟ ದುಡ್ಡು ವಸೂಲಾಗುವುದು ಇಲ್ಲಿಯೇ. 1952ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ಹಂಚಿಕೊಂಡ ಚಿತ್ರಕ್ಕೆ ಬಟ್ಟೆಗೆ ಗತಿಯಿರಲಿಲ್ಲ ಅಂದರೆ, ಲೈಟ್ ಬಾಡಿಗೆಗೆ ತಲೆ ಕೆಡಿಸಿಕೊಳ್ಳುವ ನಮ್ಮಂಥವರಿಗೆ ಸ್ವಲ್ಪ ಧೈರ್ಯ ಬರುತ್ತದೆ, ಅಲ್ವಾ?

ಸೆಟ್‌ನಲ್ಲಿ 1952ರ ಯುರೋಪಿನ ಆವೃತ್ತಿ, 1955ರ ಅಮೆರಿಕದ ಆವೃತ್ತಿ ಎರಡೂ ಇವೆ. ಮೊದಲನೆಯದನ್ನೇ ನೋಡಿ. 1955ರದ್ದರಲ್ಲಿ ಡೆಸ್ಡಿಮೋನಾಳ ದನಿ ಬೇರೆ ನಟಿಯದು. ಆಯಾ ದಿನ ಸಿಕ್ಕಿದ್ದರಲ್ಲಿ ಚಿತ್ರೀಕರಿಸಿ ಆಮೇಲೆ ಡಬ್ ಮಾಡಿದ್ದರಿಂದ ಎರಡರಲ್ಲೂ ತುಟಿಗೂ ಮಾತಿಗೂ ಅಲ್ಲಲ್ಲಿ ತಾಳೆಯಿಲ್ಲ. ಚಿತ್ರ ಮಾತ್ರ ಗರಿಗರಿಯಾಗಿದೆ, ಕಲ್ಲಿನ ಗೋಡೆಯ ಒರಟುತನ ಕೂಡ ಕಾಣುತ್ತದೆ.

ನನಗೆ ಒಗ್ಗದ್ದೂ ಇದೆ. ವೆಲ್ಸ್ ಮುಖಕ್ಕೆ ಬಣ್ಣ ಬಳಿದುಕೊಂಡು ಒಥೆಲೊ ಆಗಿದ್ದಾನೆ. 1965ರ ‘ಒಥೆಲೊ’ ಚಿತ್ರದಲ್ಲಿ ಬ್ರಿಟಿಷ್ ನಟ ಲಾರೆನ್ಸ್ ಒಲಿವಿಯೆ ಬಳಿದುಕೊಂಡಷ್ಟು ಢಾಳಾಗಿಲ್ಲ, ಆದರೂ ಈಗ ನೋಡಲು ಮುಜುಗರ. ಈ ವಿಷಯದಲ್ಲಿ ನಮ್ಮವರೇ ವಾಸಿ. ಜಯರಾಜ್ 1997ರ ಮಲಯಾಳಂ ಚಿತ್ರ ‘ಕಳಿಯಾಟ್ಟಂ’ನಲ್ಲಿ ಒಥೆಲೊನನ್ನು ಸಿಡುಬಿನ ಕಲೆಯ, ಕೇರಳದ ದೈವಾರಾಧನೆಯ ತೆಯ್ಯಂ ಕಲಾವಿದನಾಗಿಸಿದರು. ವಿಶಾಲ್ ಭಾರದ್ವಾಜ್ 2006ರ ‘ಓಂಕಾರ’ದಲ್ಲಿ ಅರ್ಧ ಬ್ರಾಹ್ಮಣ ಅಂತ ಚುಚ್ಚಿಸಿಕೊಳ್ಳುವವನನ್ನಾಗಿಸಿದರು. ಬಣ್ಣದ ಜಾಗಕ್ಕೆ ಜಾತಿ ಬಂದ ಕೂಡಲೇ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ತಕರಾರು ಇಯಾಗೊನ ಸ್ವಗತಗಳದ್ದು. ವೆಲ್ಸ್ ಬಹುಪಾಲು ಹಾರಿಸಿಬಿಟ್ಟಿದ್ದಾನೆ. ನಮ್ಮ ಇಯಾಗೊ ಹಿಂಜವಾಡಿಯ ಐಟಿ ಹುಡುಗ. ನೋಡಿ ಮುಗಿಸಿದವನೇ ಕೇಳಿದ, “ಅಕ್ಕಾ, ಹಂಗಾದ್ರ ನನ್ನ ಮಾತೆಲ್ಲಾ ಕತ್ತರಿ ಏನ್ರಿ? ನಾ ಕ್ಯಾಮೆರಾ ನೋಡಿ ಮಾತಾಡ್ಲಿಲ್ಲಂದ್ರ ಮಂದಿಗೆ ಹೆಂಗ ತಿಳೀಬೇಕು?” ಪ್ರಶ್ನೆ ಸರಿಯಾಗಿಯೇ ಇದೆ. 1995ರ ‘ಒಥೆಲೊ’ ಚಿತ್ರದಲ್ಲಿ ಇಯಾಗೊ ಆದ ಕೆನೆತ್ ಬ್ರಾನಾ ಹಾಗೆಯೇ ಕ್ಯಾಮೆರಾ ದಿಟ್ಟಿಸಿ ಮಾತಾಡುತ್ತಾನೆ, ನಾವೂ ಅವನ ಪಿತೂರಿಯಲ್ಲಿ ಪಾಲುದಾರರಾಗುತ್ತೇವೆ. ವೆಲ್ಸ್‌ನ ಇಯಾಗೊ ಹಾಗೆ ಹತ್ತಿರ ಬರುವುದಿಲ್ಲ. ಬದಲಿಗೆ ಚಿತ್ರ ಶುರುವಾಗುವುದೇ ಶವಯಾತ್ರೆಯಿಂದ. ಇಯಾಗೊನನ್ನು ಕಬ್ಬಿಣದ ಪಂಜರದಲ್ಲಿ ತುಂಬಿ ಕೋಟೆ ಗೋಡೆಗೆ ಎಳೆದು ತೂಗುಹಾಕುತ್ತಾರೆ. ಯಾರು ಕೆಟ್ಟವನು ಅಂತ ಒಂದು ಮಾತೂ ಇಲ್ಲದೆ ಗೊತ್ತಾಗುತ್ತದೆ. ನಾನು ಹುಡುಗನಿಗೆ ಒಂದೇ ಒಂದು ಸ್ವಗತ ಬಿಟ್ಟುಕೊಟ್ಟಿದ್ದೇನೆ, ಅದೂ ಬೆನ್ನು ತಿರುಗಿಸಿ. ಅವನಿಗೆ ಇನ್ನೂ ಸಿಟ್ಟಿದೆ.

ಇನ್ನು ಕರವಸ್ತ್ರ. ಮೂಲದಲ್ಲಿ ಅದರ ಮೇಲೆ ಸ್ಟ್ರಾಬೆರಿ ಕಸೂತಿ, ಒಥೆಲೊನ ತಾಯಿಯಿಂದ ಬಂದದ್ದು. ‘ಓಂಕಾರ’ದಲ್ಲಿ ಸೊಂಟದ ಡಾಬು ಮಾಡಿದ್ದಾರೆ. ಕ್ಯಾಮೆರಾಕ್ಕೆ ಅದು ಹೊಳೆಯುತ್ತದೆ, ಚಂದ. ಆದರೆ ಕೈ ತಪ್ಪಿ ಬೀಳುವಷ್ಟು ಹಗುರ ಅಲ್ಲ. ಬಟ್ಟೆಯೇ ಇರಲಿ ಅಂತ ನಾನು ಧಾರವಾಡದ ಕಸೂತಿಯ ತುಂಡು ತರಿಸಿದೆ. ಗವಂತಿ ಹೊಲಿಗೆ, ಒಂದು ತೇರು, ಸುತ್ತ ಗೋಪುರ. ಗಂಟು ಹಾಕದ ಕೆಲಸ, ಮೇಲೂ ಕೆಳಗೂ ಒಂದೇ ಥರ. ಇಯಾಗೊನ ಹೆಂಡತಿ ಎಮಿಲಿಯಾ ಅದನ್ನು ನೆಲದಿಂದ ಎತ್ತಿ ತಿರುಗಿಸಿ ನೋಡಿದಾಗ ಕ್ಲೋಸ್‌ಅಪ್‌ನಲ್ಲಿ ಯಾವುದು ಒಳಮೈ ಅಂತಲೇ ತಿಳಿಯುವುದಿಲ್ಲ. ಆ ಶಾಟ್ ಹೊಳೆದದ್ದು ಈ ಡಿಸ್ಕ್‌ನಿಂದ. ಕೊಲೆಯ ಹೊತ್ತಿನಲ್ಲಿ ಡೆಸ್ಡಿಮೋನಾಳ ಮುಖದ ಮೇಲೆ ಬಿಗಿದ ತೆಳು ಬಟ್ಟೆಯನ್ನು ವೆಲ್ಸ್ ಎಷ್ಟು ಹತ್ತಿರದಿಂದ ಹಿಡಿದಿದ್ದಾನೆ ಅಂದರೆ, ನೂಲಿನ ಹಿಂದೆ ಮೂಗಿನ ತುದಿ ಕಾಣುತ್ತದೆ.

ಸುಮ್ನೆ ಭಾನುವಾರ ಕಾಲ ಕಳೆಯಲು ಇದು ಬೇಡ, ‘ಓಂಕಾರ’ ನೋಡಿ, ಖುಷಿ ಜಾಸ್ತಿ. ನಾಟಕವನ್ನು ಕ್ಯಾಮೆರಾಕ್ಕೆ ತರುವ ಹುಚ್ಚಿದ್ದವರು ಮಾತ್ರ ಕೊಳ್ಳಿ. ಸಬ್‌ಟೈಟಲ್ ಇಂಗ್ಲಿಷಿನದ್ದು, ಅದೂ ಷೇಕ್ಸ್‌ಪಿಯರನ ಇಂಗ್ಲಿಷು. ನಾಟಕದ ಕನ್ನಡ ಅನುವಾದ ಪಕ್ಕದಲ್ಲಿಟ್ಟುಕೊಂಡರೆ ಒಳ್ಳೆಯದು. ಪುಣೆಯಲ್ಲೇ ಇದ್ದು ಯಾರಿಗಾದರೂ ಬೇಕಾದರೆ ನನ್ನ ಡಿಸ್ಕ್ ಕೊಡುತ್ತೇನೆ, ಎಡಿಟಿಂಗ್ ಮುಗಿದ ಮೇಲೆ. ಪ್ಲೇಯರ್ ನೀವೇ ನೋಡಿಕೊಳ್ಳಬೇಕು, ಗೆಳತಿ ಆಗಲೇ ವಾಪಸ್ ಕೇಳುತ್ತಿದ್ದಾಳೆ.