ಓಸಿ ಅಂತ ಬರೆದ ಕಾರ್ಡು, ಮೂರು ಮಳೆಗಾಲದ ನಂತರ

ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮದುವೆ, ಮುಂಜಿ, ಸಂಘದ ವಾರ್ಷಿಕೋತ್ಸವಗಳ ವಿಡಿಯೊ ಮಾಡುತ್ತೇನೆ. ಆದರೆ ಹೆಚ್ಚು ಕೆಲಸ ಯಕ್ಷಗಾನದ್ದು. ಮೇ ಕೊನೆಯ ಪತ್ತನಾಜೆಗೆ ಊರಿನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಕಲಾವಿದರು ತಂಡ ಕಟ್ಟಿಕೊಂಡು ಮುಂಬೈಗೆ ಬರುತ್ತಾರೆ. ಹಾಗಾಗಿ ನನ್ನ ಸೀಸನ್ ಅಂದ್ರೆ ಮಳೆಗಾಲ. ಗೋಡೆ ಕೂಡ ಬೆವರುವ ಕಾಲದಲ್ಲೇ ನನ್ನ ಕಂಪ್ಯೂಟರಿಗೆ ರಾತ್ರಿಯಿಡೀ ದುಡಿಮೆ. ಎಡಿಟಿಂಗ್ ಮನೆಯ ಹಾಲ್‌ನಲ್ಲೇ. ಅಲ್ಲಿಂದ ಅಡುಗೆಮನೆಗೆ ಆರು ಹೆಜ್ಜೆ. ಎಸಿ ಇಲ್ಲ. ಮುಂದೆ ಈ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನ ಬಗ್ಗೆ, ಅಂದರೆ ವಿಡಿಯೊದ ಭಾರದ ಕೆಲಸ ಮಾಡುವ ಭಾಗದ ಬಗ್ಗೆ, ಹೇಳುವುದೆಲ್ಲ ಈ ಮನೆಯ ಅನುಭವ. ಎಸಿ ರೂಮಿನವರಿಗೆ ಇದರಲ್ಲಿ ಅರ್ಧವೂ ಬೇಕಾಗಲಿಕ್ಕಿಲ್ಲ.

ಕಾರ್ಡು ಎನ್ವಿಡಿಯಾದ ಆರ್‌ಟಿಎಕ್ಸ್ 3060, 12 ಜಿಬಿ ಮೆಮೊರಿ. ತಗೊಂಡಿದ್ದು 2022ರ ನವೆಂಬರಿನಲ್ಲಿ. ಅದಕ್ಕಿಂತ ಮೊದಲು ಗ್ರಾಫಿಕ್ಸ್ ಕಾರ್ಡಿನ ರೇಟ್ ಕೇಳುವ ಧೈರ್ಯ ಇರಲಿಲ್ಲ. ಕ್ರಿಪ್ಟೊ ನಾಣ್ಯದ ಮೈನಿಂಗ್ ಮಾಡುವವರೇ ಬಾಚಿಕೊಂಡು ಹೋಗುತ್ತಿದ್ದರು. ಆ ಸೆಪ್ಟೆಂಬರಿನಲ್ಲಿ ಇಥೀರಿಯಮ್ ಅನ್ನುವ ಕ್ರಿಪ್ಟೊ ನಾಣ್ಯ ತನ್ನ ಪದ್ಧತಿಯನ್ನೇ ಬದಲಿಸಿತು, ಕಾರ್ಡು ಇಟ್ಟು ಅದನ್ನು ಗಣಿಗಾರಿಕೆ ಮಾಡುವ ಆಟ ಮುಗಿಯಿತು. ಆಮೇಲೆ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಅಂಗಡಿಯವನು ಒಂದೇ ಚಿಪ್‌ನ ಎರಡು ಡಬ್ಬ ಇಟ್ಟ. ಒಂದರಲ್ಲಿ ಎರಡು ಫ್ಯಾನ್, ಸಾದಾ. ಇನ್ನೊಂದರಲ್ಲಿ ಮೂರು ಫ್ಯಾನ್, ಮೇಲೆ ದೊಡ್ಡದಾಗಿ ಓಸಿ ಅಂತ ಬರೆದಿತ್ತು; ಓವರ್‌ಕ್ಲಾಕ್, ಅಂದರೆ ಕಂಪನಿಯೇ ಸ್ಪೀಡ್ ಸ್ವಲ್ಪ ಏರಿಸಿ ಕೊಟ್ಟದ್ದು. ವ್ಯತ್ಯಾಸ 4,000 ರೂಪಾಯಿ. ಜೊತೆಗೆ ಬಂದಿದ್ದ ತಂಗಿಯ ಮಗ, "ಮಾವ, ಓಸಿದೇ ತಗೊಳ್ಳಿ, ಸ್ಪೀಡ್ ಜಾಸ್ತಿ" ಅಂದ. ಅವನ ಮಾತಿಗೆ ತಗೊಂಡೆ. ಡಬ್ಬವನ್ನು ಗ್ರಾಂಟ್ ರೋಡಿನಿಂದ ದಾದರಿಗೆ, ಅಲ್ಲಿಂದ ಸೆಂಟ್ರಲ್ ಲೈನಿನ ಲೋಕಲ್‌ನಲ್ಲಿ ಮಗುವಿನ ಹಾಗೆ ಎದೆಗಪ್ಪಿಕೊಂಡು ತಂದಿದ್ದು ಬೇರೆಯೇ ಕಥೆ.

ಸ್ಪೀಡ್ ವಿಷಯ ಮೊದಲು ಮುಗಿಸುತ್ತೇನೆ, ಯಾಕಂದ್ರೆ ಅದು ಬೇಗ ಮುಗಿಯುತ್ತದೆ. ಈ ಚಿಪ್‌ಗೆ ಎನ್ವಿಡಿಯಾ ಹೇಳುವ ಬೂಸ್ಟ್, ಅಂದರೆ ಕೆಲಸ ಬಿದ್ದಾಗ ಏರುವ ಸ್ಪೀಡ್, 1777 ಮೆಗಾಹರ್ಟ್ಜ್. ನನ್ನ ಡಬ್ಬದ ಮೇಲೆ 1837. ಅರವತ್ತು ಜಾಸ್ತಿ, ಅಂದರೆ ನೂರಕ್ಕೆ ಮೂರೂವರೆಯೂ ಇಲ್ಲ. ಮೂರು ಗಂಟೆಯ ಒಂದು ಪ್ರಸಂಗವನ್ನು ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ನಾಯ್ಸ್ (ಚಿತ್ರದ ಕಾಳುಕಾಳು) ತೆಗೆದು ಎಕ್ಸ್‌ಪೋರ್ಟ್ ಮಾಡಿ ನೋಡಿದೆ. ಕಾರ್ಡು ಬಂದ ಹಾಗೆಯೇ ಇಟ್ಟರೆ 2 ಗಂಟೆ 26 ನಿಮಿಷ. ಆ ಅರವತ್ತನ್ನು ಕಳೆದು ಓಡಿಸಿದರೆ 2 ಗಂಟೆ 30 ನಿಮಿಷ. ನಾಲ್ಕು ನಿಮಿಷ! ಅಷ್ಟರಲ್ಲಿ ಒಂದು ಕಪ್ ಚಹಾ ಕುದಿಯುತ್ತದೆ, ಅಷ್ಟೇ.

ಡಬ್ಬದ ಮೇಲಿನ ಆ ಅಂಕಿಯನ್ನು ಕಾರ್ಡು ತಾನೇ ದೊಡ್ಡದಾಗಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಬಿಸಿ ಕಡಿಮೆ ಇದ್ದು, ಕರೆಂಟಿನ ಮಿತಿಯಲ್ಲಿ ಜಾಗ ಇದ್ದರೆ ಅದು ತಾನಾಗಿಯೇ ಮೇಲೆ ಹೋಗುತ್ತದೆ. ನನ್ನದು ಬಂದ ಹಾಗೆಯೇ ಇಟ್ಟರೆ 1935 ಮೆಗಾಹರ್ಟ್ಜ್‌ನ ಆಸುಪಾಸಿನಲ್ಲಿ ಓಡುತ್ತದೆ. ಬಿಸಿ ಏರಿದ ಹಾಗೆ 15 ಮೆಗಾಹರ್ಟ್ಜ್‌ನ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಅಂದ್ರೆ ಸ್ಪೀಡನ್ನು ನಿಜವಾಗಿ ಹಿಡಿದಿಟ್ಟುಕೊಳ್ಳುವುದು ಕೂಲರ್, ಕಾರ್ಡಿನ ಬಿಸಿ ಹೊರಹಾಕುವ ಲೋಹ ಮತ್ತು ಫ್ಯಾನ್. ನಾನು 4,000 ಕೊಟ್ಟಿದ್ದು ಓಸಿಗೆ ಅಂದುಕೊಂಡಿದ್ದೆ. ಕೊಟ್ಟಿದ್ದು ಅಲ್ಯೂಮಿನಿಯಂ ಮತ್ತು ತಾಮ್ರಕ್ಕೆ ಅಂತ ಗೊತ್ತಾಗಲು ಒಂದು ಮೇ ತಿಂಗಳು ಬೇಕಾಯಿತು.

ಆ ಮೇ ತಿಂಗಳಲ್ಲಿ ಕಲ್ಯಾಣದ ಗೆಳೆಯನೊಬ್ಬ ತನ್ನ ಎರಡು ಫ್ಯಾನಿನ ಸಾದಾ ಕಾರ್ಡನ್ನು ಒಂದು ಭಾನುವಾರ ತಂದುಕೊಟ್ಟ. ಅದೇ 3060. ರೂಮಿನಲ್ಲಿ 33 ಡಿಗ್ರಿ. ನನ್ನ ಕ್ಯಾಬಿನೆಟ್ಟಿನಲ್ಲೇ ಹಾಕಿ ಅದೇ ಪ್ರಸಂಗ ಓಡಿಸಿದೆವು. ಅವನ ಕಾರ್ಡು 79 ಡಿಗ್ರಿ, ಫ್ಯಾನ್ ನಿಮಿಷಕ್ಕೆ 2400 ಸುತ್ತು, ಮುಗಿಸಿದ್ದು 2 ಗಂಟೆ 32 ನಿಮಿಷಕ್ಕೆ. ನನ್ನದು 72 ಡಿಗ್ರಿ, 1900 ಸುತ್ತು. ಸಮಯದಲ್ಲಿ ಆರು ನಿಮಿಷದ ಅಂತರವನ್ನು ಬಿಡಿ. ಸದ್ದಿನಲ್ಲಿ ಅಜಗಜಾಂತರ. ಅವನ ಕಾರ್ಡು ಓಡುವಾಗ ಹೆಡ್‌ಫೋನ್ ಹಾಕಿಕೊಂಡರೂ ಭಾಗವತರ ಪದ್ಯದ ಹಿಂದೆ ಗಾಳಿ ಬೀಸುತ್ತಿತ್ತು. ನನ್ನದರಲ್ಲಿ ಮದ್ದಳೆಯ ಸಣ್ಣ ಪೆಟ್ಟೂ ಕೇಳುತ್ತದೆ. ಆಡಿಯೊ ಸರಿಮಾಡುವವನಿಗೆ ಇದು ಸಣ್ಣ ವಿಷಯ ಅಲ್ಲ.

ಕೂಲರ್ ಅಂದರೆ ಬಿಸಿ ಸಾಗಿಸುವ ನಾಲ್ಕು ತಾಮ್ರದ ಹೀಟ್‌ಪೈಪು, ಉದ್ದಕ್ಕೂ ತೆಳು ರೆಕ್ಕೆಗಳು. ಒಳಗಿನ ಬೋರ್ಡು ಗಿಡ್ಡ, ಕೂಲರ್ ಅದಕ್ಕಿಂತ ಉದ್ದ. ಹಾಗಾಗಿ ಕೊನೆಯ ಫ್ಯಾನಿನ ಗಾಳಿಗೆ ಅಡ್ಡ ಏನೂ ಇಲ್ಲ, ಆರಪಾರ ಹೋಗುತ್ತದೆ. ಕೆಲಸ ಕಡಿಮೆ ಇದ್ದಾಗ ಮೂರೂ ಫ್ಯಾನ್ ನಿಂತೇ ಬಿಡುತ್ತವೆ. ಇಲ್ಲೊಂದು ಕಿರಿಕಿರಿ ಇದೆ. ನಮ್ಮ ಸೆಕೆಗೆ ಕಾರ್ಡು ಸುಮ್ನೆ ಕೂತಿದ್ದರೂ 55 ಡಿಗ್ರಿ ಹತ್ತಿರ ಹೋಗುತ್ತದೆ. ಆಗ ಫ್ಯಾನು ಟರ್ರ್ ಅಂತ ಶುರು, ಅರ್ಧ ನಿಮಿಷಕ್ಕೆ ಬಂದ್, ಮತ್ತೆ ಟರ್ರ್. ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರಿನಲ್ಲಿ ನನ್ನದೇ ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಎಷ್ಟು ಸುತ್ತು ಅನ್ನುವ ಲೆಕ್ಕ) ಹಾಕಿ, ಶುರುವಾಗುವ ಡಿಗ್ರಿಗೂ ನಿಲ್ಲುವ ಡಿಗ್ರಿಗೂ ಅಂತರ ಕೊಟ್ಟ ಮೇಲೆ ಅದು ನಿಂತಿತು. ಕ್ಯಾಬಿನೆಟ್, ಪ್ರೊಸೆಸರ್ ಎಲ್ಲ ಸೇರಿ ಈ ಪೆಟ್ಟಿಗೆಯಲ್ಲಿ ಏಳು ಫ್ಯಾನ್. "ಮನುಷ್ಯರಿಗೆ ಎರಡು, ಇದಕ್ಕೆ ಏಳು" ಅಂತ ಹೆಂಡತಿ ಈಗಲೂ ಎಣಿಸುತ್ತಾಳೆ.

ನಾನು ಮಾಡಿದ ಅತ್ಯಂತ ಉಪಯೋಗದ ಕೆಲಸ ಅಂಡರ್‌ವೋಲ್ಟ್, ಅಂದರೆ ಚಿಪ್‌ಗೆ ಹೋಗುವ ವೋಲ್ಟೇಜ್ ಇಳಿಸುವುದು. 0.9 ವೋಲ್ಟಿಗೆ 1860 ಮೆಗಾಹರ್ಟ್ಜ್ ಕಟ್ಟಿಹಾಕಿದೆ. 168 ವ್ಯಾಟ್ ಎಳೆಯುತ್ತಿದ್ದದ್ದು 130ಕ್ಕೆ ಇಳಿಯಿತು. ಮೇ ತಿಂಗಳಲ್ಲೂ 65 ಡಿಗ್ರಿ, ಫ್ಯಾನ್ 1400 ಸುತ್ತು. ನೋಡಿ, ಓಸಿ ಕಾರ್ಡಿಗೆ ದುಡ್ಡು ಕೊಟ್ಟು, ಆ ಓಸಿಯನ್ನು ನಾನೇ ಕಿತ್ತುಹಾಕಿದೆ. ಉಲ್ಟಾ ದಾರಿಯೂ ನೋಡಿದ್ದೇನೆ. ಪವರ್ ಮಿತಿಯನ್ನು ಪೂರ್ತಿ ಮೇಲೇರಿಸಿದರೆ ಸಿಕ್ಕಿದ್ದು 40 ಮೆಗಾಹರ್ಟ್ಜ್, ಮತ್ತು ಮೊಣಕಾಲಿಗೆ ಬಿಸಿಗಾಳಿ. ಒಂದು ಸಂಜೆಗೆ ಸಾಕಾಯಿತು.

ಇನ್ನು ಕೆಟ್ಟ ಭಾಗ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಬಜ್ಜಿ, ಪತ್ರೊಡೆ ಜಾಸ್ತಿ. ಎಣ್ಣೆಯ ಹಬೆಗೆ ಕಂಪ್ಯೂಟರ್ ಇರುವ ಜಾಗ ಗೊತ್ತು. ಒಣ ಧೂಳಾದರೆ ಊದಿದರೆ ಹೋಗುತ್ತದೆ. ಎಣ್ಣೆ ಕುಡಿದ ಧೂಳು ಫ್ಯಾನಿನ ಎಲೆಗಳಿಗೆ ಜಿಡ್ಡಾಗಿ ಅಂಟುತ್ತದೆ. ಬ್ಲೋವರ್‌ಗೆ ಜಗ್ಗುವುದಿಲ್ಲ. 2024ರ ಆಗಸ್ಟಿನಲ್ಲಿ ನಡುವಿನ ಫ್ಯಾನು ಗೊರಗೊರ ಅನ್ನಲು ಶುರುವಾಯಿತು. ಬೇರಿಂಗ್ ಹೋಗಿತ್ತು. ಜಿಡ್ಡೇ ಕಾರಣವೋ, ಫ್ಯಾನೇ ಕಳಪೆಯೋ, ಎರಡೂ ಸೇರಿರಬಹುದು. ಮೂರು ವರ್ಷದ ವಾರಂಟಿ ಇತ್ತು, ಸರ್ವಿಸ್ ಸೆಂಟರಿಗೆ ಕೊಟ್ಟೆ. 19 ದಿನ! ಒಂದು ಫ್ಯಾನಿಗೆ! ಫೋನ್ ಮಾಡಿದಾಗಲೆಲ್ಲ "ಪಾರ್ಟ್ ಬರಬೇಕು ಸರ್". ನನ್ನ ಸೀಸನ್ನಿನ ನಡು ಮಧ್ಯೆ, ಎರಡು ಆಟಗಳ ರೆಕಾರ್ಡಿಂಗ್ ಬಾಕಿ. ಕೊನೆಗೆ ಮೂರೂ ಫ್ಯಾನ್ ಬದಲಿಸಿ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಅಷ್ಟರ ಮಟ್ಟಿಗೆ ಸರಿ. ಆದರೆ ಮೂರು ಫ್ಯಾನ್ ಅಂದರೆ ಕೆಡಲು ಮೂರು ಬೇರಿಂಗ್ ಅನ್ನುವುದು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ.

ಭಾರದ ಮಾತೂ ಇದೆ. ಇಷ್ಟು ಉದ್ದದ ಕೂಲರ್ ಒಂದು ಕಡೆ ಮಾತ್ರ ಸಿಕ್ಕಿಸಿಕೊಂಡು ನಿಂತರೆ ತುದಿ ಬಾಗುತ್ತದೆ. ಅದಕ್ಕೆ ಸ್ಟ್ಯಾಂಡ್ ಮಾರುತ್ತಾರೆ. ನಾನು ಹೊಲಿಗೆ ಮೆಷಿನ್ನಿನ ಖಾಲಿ ನೂಲುಂಡೆ ಎರಡನ್ನು ಒಂದರ ಮೇಲೊಂದು ಇಟ್ಟೆ. ಇನ್ನೂ ಹಾಗೇ ನಿಂತಿದೆ.

ತಂಗಿಯ ಮಗ ರಜೆಗೆ ಬಂದಾಗ ಗೇಮ್ ಆಡುತ್ತಾನೆ. 1080ಪಿಯಲ್ಲಿ ಅವನಿಗೆ ದೂರಿಲ್ಲ. ಮೆನು ಪರದೆಯಲ್ಲಿ ಮಾತ್ರ ಕಾರ್ಡು ಸೊಳ್ಳೆಯ ಹಾಗೆ ಗುಂಯ್ ಅನ್ನುತ್ತಿತ್ತು. ಫ್ರೇಮ್ ರೇಟಿಗೆ ಮಿತಿ ಹಾಕಿದ ಮೇಲೆ ಹೋಯಿತು. ಹೊಸ ಗೇಮ್‌ಗಳ ಫ್ರೇಮ್ ಜನರೇಶನ್ (ನಡುನಡುವೆ ಕಾರ್ಡೇ ಹೆಚ್ಚುವರಿ ಫ್ರೇಮ್ ಹುಟ್ಟಿಸುವುದು) ಎನ್ವಿಡಿಯಾ ಕೊಟ್ಟಿದ್ದು 40ರ ಸರಣಿಯ ಕಾರ್ಡುಗಳಿಂದ, ಇದರಲ್ಲಿ ಇಲ್ಲ. ನನಗೆ ಅದು ಬೇಡ. ನನಗೆ ಬೇಕಾದದ್ದು 12 ಜಿಬಿ. ಕತ್ತಲ ರಂಗಸ್ಥಳ, ಮೇಲಿಂದ ಒಂದು ಬೆಳಕು, ಕಿರೀಟದ ಹೊಳಪು: ಇಂಥ ವಿಡಿಯೊದಲ್ಲಿ ನಾಯ್ಸ್ ತೆಗೆಯುವಾಗ ರಿಸಾಲ್ವ್ ಮೆಮೊರಿಯನ್ನು ಗಟಗಟ ಕುಡಿಯುತ್ತದೆ. ಹಳೆಯ 6 ಜಿಬಿ ಕಾರ್ಡು "ಮೆಮೊರಿ ಫುಲ್" ಅಂತ ಕೈಯೆತ್ತುತ್ತಿತ್ತು. ಇದು ಒಮ್ಮೆಯೂ ಎತ್ತಿಲ್ಲ.

ವಾರಂಟಿ 2025ರ ನವೆಂಬರಿಗೆ ಮುಗಿಯಿತು. ಅದನ್ನೇ ಕಾಯುತ್ತಿದ್ದೆ. ಯಾಕಂದ್ರೆ ಚಿಪ್‌ನ ಸಾಮಾನ್ಯ ಬಿಸಿಗೂ ಅದರ ಅತಿ ಬಿಸಿ ಜಾಗಕ್ಕೂ ಹೊಸದರಲ್ಲಿ 12 ಡಿಗ್ರಿ ಅಂತರ ಇದ್ದದ್ದು 24ಕ್ಕೆ ಏರಿತ್ತು. ಒಂದು ಡಿಸೆಂಬರ್ ಮಧ್ಯಾಹ್ನ ಹಳೆ ಸಕಾಳ್ ಪೇಪರ್ ಹಾಸಿ ಕೂಲರ್ ಬಿಚ್ಚಿದೆ. ಚಿಪ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಅಂಚಿಗೆ ಸರಿದು, ನಡುವೆ ಒಣಗಿದ ಸುಣ್ಣದ ಹಾಗಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿ ಹೊಸದು ಹಾಕಿದೆ. ಮೆಮೊರಿಯ ಪ್ಯಾಡುಗಳು ಹರಿದಿರಲಿಲ್ಲ, ದಪ್ಪ ತಪ್ಪಿದರೆ ಕಷ್ಟ ಅಂತ ಅವನ್ನು ಮುಟ್ಟಲಿಲ್ಲ. ಫ್ಯಾನಿನ ಎಲೆಗಳನ್ನು ಒಂದೊಂದಾಗಿ ಇಯರ್‌ಬಡ್‌ನಲ್ಲಿ ಉಜ್ಜಿದೆ. ಅಂತರ ಈಗ 13. ಕಂಪ್ಯೂಟರನ್ನು ಅಡುಗೆಮನೆಯ ಗೋಡೆಯಿಂದ ಕಿಟಕಿಯ ಕಡೆಗೆ ಸರಿಸಿದ್ದೇನೆ. ಕಿಟಕಿಯಿಂದ ಎರಚಲು ಹೊಡೆಯುತ್ತದೆ, ಅದಕ್ಕೆ ಜೂನ್ ಒಳಗೆ ಏನಾದರೂ ಮಾಡಬೇಕು.