ಅರೆದು ತಳ್ಳುವ ಪಂಪು: ಮೋಟರ್‌ಹೋಮ್ ಮಲತೊಟ್ಟಿಗೆ ಇದು ನಿಜಕ್ಕೂ ಬೇಕೇ?

ಮೋಟರ್‌ಹೋಮ್, ಅಂದರೆ ಒಳಗೇ ವಾಸಿಸಬಹುದಾದ ಗಾಡಿ, ಇಟ್ಟುಕೊಂಡವರ ಕಣ್ಣು ಒಂದಲ್ಲ ಒಂದು ದಿನ ಮೆಸರೇಟರ್ ಪಂಪಿನ ಮೇಲೆ ಬಿದ್ದೇ ಬೀಳುತ್ತದೆ. ಟಾಯ್ಲೆಟ್ಟಿನ ಬ್ಲ್ಯಾಕ್ ಟ್ಯಾಂಕಿನಲ್ಲಿರುವುದನ್ನೆಲ್ಲ ಮಿಕ್ಸಿಗೆ ಹಾಕಿದಂತೆ ಅರೆದು, ಮುಕ್ಕಾಲು ಇಂಚಿನ ತೋಟದ ಪೈಪಿನಲ್ಲಿ ದೂರದ ಚರಂಡಿಗೆ ತಳ್ಳುತ್ತದೆ ಎಂಬುದೇ ಇದರ ಆಕರ್ಷಣೆ. ಮಾತು ಸುಳ್ಳಲ್ಲ. ಆದರೂ ಎಲ್ಲರಿಗೂ ಬೇಕಾದ ಸಾಮಾನು ಇದಲ್ಲ. ಚರಂಡಿಯ ಬಾಯಿ ಗಾಡಿಯ ವಾಲ್ವಿಗಿಂತ ತಗ್ಗಿನಲ್ಲಿ, ಐದಾರು ಮೀಟರಿನೊಳಗೆ ಇದ್ದರೆ 3 ಇಂಚಿನ ಮಾಮೂಲಿ ಹೋಸೇ ಮೇಲು. ಅಡಿಗೆ ಕಾಲು ಇಂಚಿನಷ್ಟು ವಾಟ ಕೊಟ್ಟರೆ 150 ಲೀಟರಿನ ತೊಟ್ಟಿ ಕೆಲವೇ ನಿಮಿಷದಲ್ಲಿ ಬರಿದಾಗುತ್ತದೆ. ಕೆಡಲು ಅದರಲ್ಲಿ ಮೋಟರಿಲ್ಲ, ಸುಡಲು ಫ್ಯೂಸಿಲ್ಲ. ಪಂಪಿಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಚರಂಡಿ ವಾಲ್ವಿಗಿಂತ ಎತ್ತರದಲ್ಲಿದ್ದಾಗ, ತುಂಬಾ ದೂರವಿದ್ದಾಗ, ಇಲ್ಲವೇ ದೊಡ್ಡ ಹೋಸು ನುಗ್ಗದ ಸಣ್ಣ ಬಾಯಿಗೆ ಸುರಿಯಬೇಕಾದಾಗ.

ಇಲ್ಲಿ ಹೇಳುತ್ತಿರುವುದು ವಾಲ್ವಿನ ಬಾಯಿಗೆ ತಿರುಗಿಸಿ ಸಿಕ್ಕಿಸುವ, 12 ವೋಲ್ಟಿನ, ಎತ್ತಿಕೊಂಡು ಹೋಗಬಹುದಾದ ಬಗೆಯ ಪಂಪಿನ ಬಗ್ಗೆ. ಒಳಗೆ ಮೊದಲು ಕತ್ತರಿಸುವ ಬ್ಲೇಡು, ಅದರ ಹಿಂದೆ ರಬ್ಬರ್ ರೆಕ್ಕೆಗಳ ಇಂಪೆಲ್ಲರ್. ಬ್ಲೇಡು ಎಲ್ಲವನ್ನೂ ಸುಮಾರು 3 ಮಿಲಿಮೀಟರಿಗೆ ಕತ್ತರಿಸುತ್ತದೆ, ರೆಕ್ಕೆಗಳು ಗೋಡೆಗೆ ಒತ್ತಿಕೊಂಡು ಸುತ್ತುತ್ತ ಮುಂದಕ್ಕೆ ತಳ್ಳುತ್ತವೆ. ಹೀಗೆ ಒತ್ತಿಕೊಂಡು ಸುತ್ತುವ ರಬ್ಬರಿಗೆ ನೀರೇ ಎಣ್ಣೆ, ನೀರೇ ತಂಪು. ನೀರಿಲ್ಲದೆ ಓಡಿದರೆ ರೆಕ್ಕೆ ಬಿಸಿಯಾಗಿ ಹರಿದುಹೋಗಲು ಹೆಚ್ಚು ಹೊತ್ತು ಬೇಡ. ಆಮೇಲೆ ಮೋಟರ್ ಚೆನ್ನಾಗಿಯೇ ಸುತ್ತುತ್ತದೆ, ನೀರು ಮಾತ್ರ ಬರುವುದಿಲ್ಲ. ಹಾಗಾಗಿ ಕೊಳ್ಳುವ ಮುನ್ನ ಮೋಟರಿನ ಬಲಕ್ಕಿಂತ ಮೊದಲು ಕೇಳಬೇಕಾದದ್ದು, ಇಂಪೆಲ್ಲರ್ ಮತ್ತು ಸೀಲು ಬಿಡಿಯಾಗಿ ಸಿಗುತ್ತವೆಯೇ ಎಂದು. ಸಿಗದ ಮಾದರಿ ಎಷ್ಟೇ ಅಗ್ಗವಾದರೂ ಬೇಡ.

ವೈರಿಂಗ್ ವಿಷಯದಲ್ಲಿ ಎಡವುವವರೂ ಕಡಿಮೆಯಿಲ್ಲ. ಕೆಲಸದ ಹೊರೆ ಬಿದ್ದಾಗ ಇದು 15ರಿಂದ 20 ಆಂಪಿಯರ್ ಎಳೆಯುತ್ತದೆ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಅದು ಹೊರಲಾರದ ಭಾರ. ನೇರ ಬ್ಯಾಟರಿಗೇ ಜೋಡಿಸಿ, ಬ್ಯಾಟರಿಯ ಹತ್ತಿರದಲ್ಲೇ ತಯಾರಕರು ಹೇಳಿದ ಅಳತೆಯ ಫ್ಯೂಸ್ ಇಡಬೇಕು. ನಾಲ್ಕೈದು ಮೀಟರ್ ವೈರ್ ಎಳೆಯುವುದಿದ್ದರೆ 6 ಚದರ ಮಿಲಿಮೀಟರಿನ ದಪ್ಪ ಇರಲಿ. ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದು ಮೋಟರ್ ನಿಧಾನವಾಗುತ್ತದೆ, ನಿಧಾನವಾದ ಬ್ಲೇಡು ಕತ್ತರಿಸದೆ ಸಿಕ್ಕಿಹಾಕಿಕೊಳ್ಳುತ್ತದೆ, ಫ್ಯೂಸ್ ಹಾರುತ್ತದೆ. ಬೈಗುಳ ಮಾತ್ರ ಪಂಪಿಗೆ. ಡಬ್ಬಿಯ ಮೇಲೆ ನಿಮಿಷಕ್ಕೆ 40 ಲೀಟರಿಗೂ ಹೆಚ್ಚು ಎಂದು ಬರೆದಿದ್ದರೆ ಅದು ಪೈಪಿನ ಅಡ್ಡಿಯಿಲ್ಲದ ಲೆಕ್ಕ. ಉದ್ದದ ಸಣ್ಣ ಪೈಪಿಗೆ ಜೋಡಿಸಿದ ಮೇಲೆ 150 ಲೀಟರಿಗೆ ಐದರಿಂದ ಹತ್ತು ನಿಮಿಷ ಎಂದುಕೊಂಡರೆ ನಿರಾಸೆಯಾಗದು.

ಬಳಸುವ ಕ್ರಮದಲ್ಲಿ ಒಂದು ಹೆಜ್ಜೆ ಹಿಂದುಮುಂದಾದರೂ ನೆಲ ಗಲೀಜು. ಕೈಗವಸು ಹಾಕಿ, ಮೊದಲು ಪೈಪಿನ ಆಚೆ ತುದಿಯನ್ನು ಚರಂಡಿಗೆ ಇಳಿಸಿ ಭಾರ ಹೇರಿ. ಒತ್ತಡ ಬಂದಾಗ ಬಿಡುಪೈಪು ಹಾವಿನಂತೆ ಎಗರುತ್ತದೆ. ಪೈಪಿನಲ್ಲಿ ಎಲ್ಲಾದರೂ ನಲ್ಲಿ ಇದ್ದರೆ ತೆರೆದಿದೆಯೇ ನೋಡಿ. ಪಂಪಿನ ಬಾಯಿಯ ರಬ್ಬರ್ ವಾಷರ್ ಜಾಗದಲ್ಲಿ ಇದೆಯೆಂದು ಖಾತ್ರಿ ಮಾಡಿಕೊಂಡು ವಾಲ್ವಿಗೆ ಸಿಕ್ಕಿಸಿ, ಕೊಕ್ಕೆಗಳು ಪೂರ್ತಿ ಕೂರುವವರೆಗೆ ತಿರುಗಿಸಿ. ಈಗ ಬ್ಲ್ಯಾಕ್ ವಾಲ್ವ್ ಎಳೆದು ಪಂಪಿನೊಳಗೆ ನೀರು ತುಂಬಲು ಬಿಡಿ, ಆಮೇಲೆಯೇ ಸ್ವಿಚ್ಚು. ಹೊರೆಯಿರುವಾಗ ಪಂಪಿನ ಸದ್ದು ದಪ್ಪಗಿರುತ್ತದೆ. ತೊಟ್ಟಿ ಬರಿದಾದ ಕ್ಷಣ ಅದು ಕೀರಲಾಗುತ್ತದೆ, ತಕ್ಷಣ ಆಫ್ ಮಾಡಬೇಕು. ಸ್ವಿಚ್ಚು ಒತ್ತಿ ಒಳಗೆ ಟೀ ಮಾಡಲು ಹೋಗುವವರು ಇಂಪೆಲ್ಲರ್ ಎರಡು ಕೊಂಡಿಟ್ಟುಕೊಳ್ಳಲಿ. ಬ್ಲ್ಯಾಕ್ ಮುಚ್ಚಿ, ಸಿಂಕು, ಸ್ನಾನದ ನೀರಿನ ಗ್ರೇ ಟ್ಯಾಂಕಿನ ವಾಲ್ವ್ ತೆರೆದು ಮತ್ತೆ ಓಡಿಸಿದರೆ ಆ ಸೋಪಿನ ನೀರೇ ಬ್ಲೇಡನ್ನೂ ಪೈಪನ್ನೂ ತೊಳೆದುಕೊಡುತ್ತದೆ. ಕೊನೆಗೆ ಎರಡೂ ವಾಲ್ವ್ ಮುಚ್ಚಿ, ಪೈಪನ್ನು ಪಂಪಿನ ಕಡೆಯಿಂದ ಎತ್ತಿಕೊಂಡು ಚರಂಡಿಯತ್ತ ನಡೆದರೆ ಉಳಿದದ್ದೂ ಇಳಿಯುತ್ತದೆ. ಪಂಪು ಬಿಚ್ಚುವಾಗ ಒಂದಿಷ್ಟು ಸುರಿದೇ ಸುರಿಯುತ್ತದೆ, ಕೆಳಗೆ ಬಕೆಟ್ ಇರಲಿ.

ಇದರ ಮೊದಲ ಶತ್ರು ವೆಟ್ ವೈಪ್ಸ್. ಫ್ಲಶ್ ಮಾಡಬಹುದು ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ನಂಬಬೇಡಿ, ಅವು ಕತ್ತರಿಸಿಹೋಗದೆ ಬ್ಲೇಡಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತವೆ. ಕೂದಲು, ಹತ್ತಿ, ಹಲ್ಲಿನ ದಾರ, ಪ್ಯಾಡುಗಳೂ ಹಾಗೆಯೇ. ಪಂಪು ಗುಂಯ್ ಎಂದು ನಿಂತರೆ ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಬಾರದು. ಬ್ಯಾಟರಿ ಸಂಪರ್ಕ ತೆಗೆದು, ಮೋಟರಿನ ಹಿಂಬದಿಯಲ್ಲಿ ಶಾಫ್ಟ್ ತುದಿಯ ಸೀಳಿಗೆ ಸ್ಕ್ರೂಡ್ರೈವರ್ ಹಾಕಿ ಆಚೀಚೆ ತಿರುಗಿಸಿದರೆ ಬಹಳ ಸಲ ಬಿಡಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಇಟ್ಟಿದ್ದ ಪಂಪಿನ ರಬ್ಬರ್ ಗೋಡೆಗೆ ಅಂಟಿಕೊಂಡಾಗಲೂ ಇದೇ ಮದ್ದು. ಈ ಸೀಳು ಇಲ್ಲದ ಮಾದರಿಯೂ ಇದೆ, ಕೊಳ್ಳುವಾಗಲೇ ತಿರುಗಿಸಿ ನೋಡಿ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಇಡುವುದಾದರೆ ಪ್ರೊಪಿಲೀನ್ ಗ್ಲೈಕಾಲ್ ಇರುವ ಗುಲಾಬಿ ಬಣ್ಣದ ಆಂಟಿಫ್ರೀಜ್ ಸ್ವಲ್ಪ ಎಳೆಸಿ ಇಡಬೇಕು. ಕಾರಿನ ರೇಡಿಯೇಟರಿನದು ಬೇಡ, ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ.

ಪಂಪು ತೊಟ್ಟಿಯೊಳಗಿನ ತಪ್ಪನ್ನು ಸರಿಮಾಡಲಾರದು ಎಂಬುದನ್ನು ಮಾರುವವರು ಹೇಳುವುದಿಲ್ಲ. ಬ್ಲ್ಯಾಕ್ ವಾಲ್ವನ್ನು ಸದಾ ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿಯಾದದ್ದು ಟಾಯ್ಲೆಟ್ಟಿನ ಕೆಳಗೇ ಗುಡ್ಡೆಯಾಗುತ್ತದೆ. ಆ ಗುಡ್ಡೆ ವಾಲ್ವಿನವರೆಗೂ ಬಾರದಿದ್ದರೆ ಪಂಪು ಎಳೆಯುವುದೇನನ್ನು? ವಾಲ್ವ್ ಮುಚ್ಚಿಯೇ ಇರಲಿ, ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಖಾಲಿ ಮಾಡಿ. ಬೇಗ ಹೊರಡಬೇಕಾದರೆ ಟಾಯ್ಲೆಟ್ಟಿನಿಂದಲೇ ನೀರು ಸುರಿದು ಆ ಮಟ್ಟಕ್ಕೆ ತನ್ನಿ. ಖಾಲಿಯಾದ ಮೇಲೆ ತಳ ಮುಚ್ಚುವಷ್ಟು, ಸುಮಾರು 8 ಲೀಟರ್ ನೀರು ಮತ್ತು ಮಲತೊಟ್ಟಿಗೆಂದೇ ಸಿಗುವ ಔಷಧಿ ಒಂದು ಅಳತೆ ಹಾಕಿಡಬೇಕು. ಔಷಧಿಯಲ್ಲಿ ಫಾರ್ಮಾಲ್ಡಿಹೈಡ್ ಇರುವುದು ಬೇಡ. ಅದು ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಟಾಯ್ಲೆಟ್ ಪೇಪರಿಗೆ ಪರೀಕ್ಷೆ ಸುಲಭ: ಮುಚ್ಚಳದ ಬಾಟಲಿಯಲ್ಲಿ ನೀರಿನೊಂದಿಗೆ ಹಾಕಿ ಕುಲುಕಿ, ಚಿಂದಿಯಾಗದೆ ಉಳಿದರೆ ಆ ಬ್ರ್ಯಾಂಡ್ ಬದಲಿಸಿ.

ಖಾಲಿ ಮಾಡಿದ ಮೇಲೂ ಮಟ್ಟದ ಮಾಪಕ ತೊಟ್ಟಿ ತುಂಬಿದೆ ಎಂದೇ ತೋರಿಸಿದರೆ ಪಂಪನ್ನು ದೂರಬೇಡಿ. ಗೋಡೆಯ ಸಂವೇದಕದ ಮೊಳೆಗಳಿಗೆ ಜಿಡ್ಡೋ ಕಾಗದವೋ ಮೆತ್ತಿರುತ್ತದೆ. ಒಳಗೆ ತೊಳೆಯುವ ನಳಿಗೆ ಇರುವ ತೊಟ್ಟಿಯಾದರೆ ಅದನ್ನು ಬಿಟ್ಟು ತೊಳೆಯಬಹುದು. ಆದರೆ ಡ್ರೈನ್ ವಾಲ್ವ್ ಮುಚ್ಚಿ ನೀರು ಬಿಟ್ಟು ಮರೆತರೆ ತೊಟ್ಟಿ ಉಕ್ಕಿ ಟಾಯ್ಲೆಟ್ಟಿನಿಂದಲೋ ಛಾವಣಿಯ ಗಾಳಿಕೊಳವೆಯಿಂದಲೋ ಹೊರಬರುತ್ತದೆ.

ಒಟ್ಟಿಗೆ ಕೊಡುವ ಪೈಪು ಗಿಡ್ಡವೆನಿಸಿದರೆ ಬೇರೆ ಬಣ್ಣದ್ದನ್ನೇ ಕೊಂಡು, ಕುಡಿಯುವ ನೀರಿನ ಪೈಪಿನ ಹತ್ತಿರವೂ ಸುಳಿಯದಂತೆ ಬೇರೆ ಡಬ್ಬಿಯಲ್ಲಿಡಿ. ಎರಡರ ತಿರುಪೂ ಒಂದೇ ಅಳತೆಯದ್ದಾಗಿರುವುದು ಈ ಸಾಮಾನಿನ ದೊಡ್ಡ ಅನುಕೂಲ, ಅಷ್ಟೇ ದೊಡ್ಡ ಅಪಾಯ. 3 ಇಂಚಿನ ಹೋಸನ್ನು ತಪ್ಪಿಯೂ ಯಾರೂ ನಲ್ಲಿಗೆ ಜೋಡಿಸಲಾರರು.