ಲಕ್ಷ ಫೋಟೊ ದಾಟಿದ ಮೇಲೆ: ಡಿಜಿಕ್ಯಾಮ್ ಜೊತೆ ಹಲವು ವರ್ಷ

ಫೋಟೊ ಜೋಡಿಸಿಡೋಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನೀವು ಕೂತು ಬರೆಯುವ ಹೆಸರು, ಊರು, ತಾರೀಖು ಕೊನೆಗೆ ಎಲ್ಲಿ ಹೋಗಿ ಸೇರುತ್ತದೆ? ಫೋಟೊ ಫೈಲಿನ ಒಳಗೋ, ಆ ಸಾಫ್ಟ್‌ವೇರಿನ ಹೊಟ್ಟೆಯೊಳಗೋ? ಚೆಂದದ ಪರದೆ, ವೇಗ, ಬೆಲೆ ಎಲ್ಲಾ ಆಮೇಲಿನ ಮಾತು.

ನನ್ನ ಹತ್ತಿರ ಇರುವ ಫೋಟೊಗಳು ಲಕ್ಷ ದಾಟಿವೆ. ಅಪ್ಪ ತೆಗೆದ ನೆಗೆಟಿವ್‌ಗಳ ಸ್ಕ್ಯಾನ್, ಮನೆಯ ಮದುವೆ ಮುಂಜಿ, ಮಕ್ಕಳು, ಫೋನಿನಿಂದ ಇಳಿಸಿದ್ದು. ಇದರ ಜೊತೆಗೆ ಬೆಂಗಳೂರಿನ ಬೀದಿಗಳು. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ, ಕರಗ, ಚಿತ್ರಸಂತೆ, ಮೆಟ್ರೊ ಕೆಲಸಕ್ಕೆ ಮುಂಚಿನ ರಸ್ತೆಗಳು. ಇದನ್ನೆಲ್ಲ ನಾನು ಡಿಜಿಕ್ಯಾಮ್ ಅನ್ನುವ ಸಾಫ್ಟ್‌ವೇರಿನಲ್ಲಿ ಜೋಡಿಸಿ ಇಟ್ಟುಕೊಂಡಿದ್ದೇನೆ. ವರ್ಷಗಟ್ಟಲೆ ದಿನಾ ಬಳಸಿದ ಮೇಲೆ ಬರೆಯುತ್ತಿರುವ ಮಾತು ಇದು.

ಆ ಪ್ರಶ್ನೆಗೆ ಇಷ್ಟು ಒತ್ತು ಕೊಡೋದಕ್ಕೆ ಕಾರಣ ಇದೆ. ಫೋಟೊ ಜೋಡಿಸಿಡುವ ಗೂಗಲ್‌ನ ಸಾಫ್ಟ್‌ವೇರ್ ಪಿಕಾಸಾ ನೆನಪಿದೆ ಅಲ್ವಾ? ಒಂದು ಕಾಲಕ್ಕೆ ಮನೆಮನೆಯ ಕಂಪ್ಯೂಟರಿನಲ್ಲೂ ಇತ್ತು. ರಾತ್ರಿ ಕೂತು ಅತ್ತೆ, ಮಾವ, ಚಿಕ್ಕಪ್ಪ ಅಂತ ಮುಖಗಳಿಗೆ ಹೆಸರು ಕೊಟ್ಟವರು ಎಷ್ಟೋ ಜನ. 2016ರ ಮಾರ್ಚ್‌ನಲ್ಲಿ ಗೂಗಲ್ ಅದಕ್ಕೆ ಬೆಂಬಲ ನಿಲ್ಲಿಸಿತು. ಪಿಕಾಸಾ ತಾನಾಗಿ ಆ ಹೆಸರುಗಳನ್ನು ಫೋಟೊದ ಒಳಗೆ ಬರೆಯುತ್ತಿರಲಿಲ್ಲ. ಪ್ರತಿ ಫೋಲ್ಡರಿನಲ್ಲಿ ಒಂದು ಸಣ್ಣ ಮರೆ ಫೈಲು, ಹೆಸರುಗಳ ಪಟ್ಟಿ ಬೇರೆ ಎಲ್ಲೋ. ಕಂಪ್ಯೂಟರ್ ಬದಲಾಯಿಸುವಾಗ ಬರೀ ಫೋಟೊ ನಕಲು ಮಾಡಿಕೊಂಡವರಿಗೆ ಹೆಸರು ಸಿಗಲಿಲ್ಲ. 3.9ನೇ ಆವೃತ್ತಿಯಲ್ಲಿ ಮುಖದ ಗುರುತನ್ನು ಫೋಟೊದ ಒಳಗೇ ಬರೆಸುವ ಆಯ್ಕೆ ಇತ್ತು. ಅದನ್ನು ಬಳಸಿದವರ ಹೆಸರುಗಳು ಇವತ್ತಿಗೂ ಬೇರೆ ಸಾಫ್ಟ್‌ವೇರಿನಲ್ಲಿ ತೆರೆದುಕೊಳ್ಳುತ್ತವೆ.

ಆಮೇಲೆ ಎಲ್ಲರೂ ಕ್ಲೌಡ್ ಕಡೆ ಹೋದರು. ಗೂಗಲ್ ಫೋಟೋಸ್‌ನಲ್ಲಿ ಮಿತಿ ಇಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಅಲ್ಲಿಂದ ಮುಂದೆ ಹಾಕಿದ್ದೆಲ್ಲ 15 ಜಿಬಿ ಲೆಕ್ಕಕ್ಕೆ ಸೇರುತ್ತದೆ. ದುಡ್ಡು ಕೊಟ್ಟು ಇಡೋದು ತಪ್ಪೇನಲ್ಲ. ಆದರೆ ಅಲ್ಲಿಂದ ಎಲ್ಲ ಇಳಿಸಿಕೊಂಡರೆ ಫೋಟೊ ಒಂದು ಫೈಲು, ನೀವು ಅಲ್ಲಿ ತಿದ್ದಿದ ತಾರೀಖು, ಬರೆದ ವಿವರಣೆ ಪಕ್ಕದಲ್ಲಿ ಜೇಸನ್ ಅನ್ನುವ ಬೇರೆ ಪಠ್ಯ ಫೈಲಿನಲ್ಲಿ. ಎರಡನ್ನೂ ಮತ್ತೆ ಸೇರಿಸುವ ಕೆಲಸ ನಮ್ಮದು.

ಡಿಜಿಕ್ಯಾಮ್ ಇಲ್ಲಿ ಬೇರೆ ದಾರಿ ಹಿಡಿದಿದೆ. 2001ರಲ್ಲಿ ಶುರುವಾದ, ಕೆಡಿಇ ಅನ್ನುವ ಪ್ರೋಗ್ರಾಮರುಗಳ ಸಮುದಾಯದವರು ಕಟ್ಟುತ್ತಾ ಬಂದಿರುವ ಮುಕ್ತ ಸಾಫ್ಟ್‌ವೇರ್ ಇದು. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಚಂದಾ ಇಲ್ಲ, ಜಾಹೀರಾತು ಇಲ್ಲ. ಫೋಟೊಗಳು ನಿಮ್ಮ ಫೋಲ್ಡರುಗಳಲ್ಲಿ ಹೇಗಿದ್ದವೋ ಹಾಗೇ ಇರುತ್ತವೆ. ಅದರ ಲೆಕ್ಕದಲ್ಲಿ ಫೋಲ್ಡರ್ ಅಂದರೇನೇ ಆಲ್ಬಮ್. ತನ್ನದೊಂದು ಡೇಟಾಬೇಸ್ ಇಟ್ಟುಕೊಳ್ಳುತ್ತದೆ ನಿಜ, ಆದರೆ ಅದು ಬೇಗ ಹುಡುಕೋದಕ್ಕೆ. ಅಸಲು ಮಾಹಿತಿ ಫೋಟೊದಲ್ಲೇ ಇರುವ ಹಾಗೆ ಮಾಡಿಕೊಳ್ಳಬಹುದು.

ಮಾಡಿಕೊಳ್ಳಬಹುದು ಅಂದೆ. ಅದು ನಿಮ್ಮ ಕೈಯಲ್ಲಿದೆ. ಮೊದಲ ಸಲ ತೆರೆದಾಗ ಅದು ಕೇಳುತ್ತದೆ: ಮಾಹಿತಿಯನ್ನು ಫೈಲುಗಳಿಗೆ ಸೇರಿಸಲಾ, ಸುಮ್ನೆ ಬಿಡಲಾ ಅಂತ. ಸೇರಿಸು ಅನ್ನಿ. ಆಮೇಲೆ ಸೆಟ್ಟಿಂಗ್ಸ್‌ನ ಮೆಟಾಡೇಟಾ (ಫೋಟೊದ ಬಗೆಗಿನ ಮಾಹಿತಿ) ಪುಟಕ್ಕೆ ಹೋಗಿ ಟ್ಯಾಗ್ (ಹುಡುಕಲು ಹಾಕುವ ಗುರುತುಪದ), ಶೀರ್ಷಿಕೆ, ರೇಟಿಂಗ್, ತಾರೀಖು, ಮುಖದ ಗುರುತು, ಎಲ್ಲದಕ್ಕೂ ಟಿಕ್ ಹಾಕಿ. ಕ್ಯಾಮೆರಾದ ರಾ ಫೈಲುಗಳ, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟ ಮೂಲ ಫೈಲುಗಳ ಒಳಗೆ ಬರೆಸಬೇಡಿ. ಅವಕ್ಕೆ ಪಕ್ಕದಲ್ಲೇ, ಬರೀ ಮಾಹಿತಿ ಇರುವ, ಅದೇ ಹೆಸರಿನ ಎಕ್ಸ್‌ಎಂಪಿ ಫೈಲು ಇಡುವ ಆಯ್ಕೆ ಇದೆ, ಅದು ಸಾಕು.

ಯಾವುದೇ ಸಾಫ್ಟ್‌ವೇರ್ ಆಗಲಿ, ನಂಬುವ ಮೊದಲು ಒಂದು ಪರೀಕ್ಷೆ ಮಾಡಿ. ನಾಲ್ಕಾರು ಫೋಟೊಗಳಿಗೆ ಟ್ಯಾಗ್ ಹಾಕಿ, ಮುಖಕ್ಕೆ ಹೆಸರು ಕೊಡಿ. ಆ ಫೋಟೊಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿ. ಬೇರೆ ಕಂಪ್ಯೂಟರಿನಲ್ಲಿ, ಬೇರೆ ಸಾಫ್ಟ್‌ವೇರಿನಲ್ಲಿ ತೆರೆಯಿರಿ. ಬರೆದದ್ದು ಕಾಣಿಸದಿದ್ದರೆ ಅದಕ್ಕೆ ನಿಮ್ಮ ಲಕ್ಷ ಫೋಟೊ ಒಪ್ಪಿಸಬೇಡಿ.

ಈಗ ಕನ್ನಡದ ವಿಚಾರ. ಟ್ಯಾಗುಗಳನ್ನು ನಾನು ಪೂರ್ತಿ ಕನ್ನಡದಲ್ಲೇ ಹಾಕುತ್ತೇನೆ, ಡಿಜಿಕ್ಯಾಮ್ ಅದಕ್ಕೆ ತಕರಾರು ಮಾಡುವುದಿಲ್ಲ. ಟ್ಯಾಗಿನ ಕೆಳಗೆ ಟ್ಯಾಗ್ ಇಡಬಹುದು. ಬೆಂಗಳೂರು, ಅದರ ಕೆಳಗೆ ಬಸವನಗುಡಿ, ಅದರ ಕೆಳಗೆ ಗಾಂಧಿ ಬಜಾರ್. ಹೀಗೆ ಕೊಂಬೆ ಕೊಂಬೆಯಾಗಿ. ಆದರೆ ಎರಡು ಸಂಗತಿ ಕನ್ನಡದಲ್ಲಿ ಟ್ಯಾಗ್ ಹಾಕುವವರು ತಿಳಿದಿರಲೇಬೇಕು. ಇಂಗ್ಲಿಷಿನ ಮಾರ್ಗದರ್ಶಿಗಳನ್ನು ಬರೆಯುವವರಿಗೆ ಈ ತೊಂದರೆ ಎದುರಾಗುವುದೇ ಇಲ್ಲ.

ಒಂದು, ಉದ್ದ. ಫೋಟೊದ ಒಳಗೆ ಕೀವರ್ಡ್ ಬರೆಯುವ ಹಳೆಯ ಪದ್ಧತಿ ಐಪಿಟಿಸಿ. ಅದರಲ್ಲಿ ಒಂದು ಕೀವರ್ಡಿಗೆ 64 ಬೈಟ್ ಮಿತಿ. ಇಂಗ್ಲಿಷಿನವರಿಗೆ ಅದು 64 ಅಕ್ಷರ, ಧಾರಾಳ. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಯ ಅಕ್ಷರ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಕೊಂಬು, ಗುಡಿಸು, ಏತ್ವ ಎಲ್ಲವೂ ಬೇರೆ ಬೇರೆ ಸಂಕೇತವೇ. 'ಬಸವನಗುಡಿ ಕಡಲೆಕಾಯಿ ಪರಿಷೆ' ಅಂತ ಒಂದು ಟ್ಯಾಗ್ ಮಾಡಿ ನೋಡಿ. 21 ಸಂಕೇತಕ್ಕೆ 63 ಬೈಟ್, ನಡುವಿನ ಎರಡು ಖಾಲಿ ಜಾಗಕ್ಕೆ 2. ಒಟ್ಟು 65. ಒಂದೇ ಒಂದು ಬೈಟಿನಿಂದ ಮಿತಿ ಮೀರಿತು! ಎಕ್ಸ್‌ಎಂಪಿ ಅನ್ನುವ ಹೊಸ ಪದ್ಧತಿಯಲ್ಲಿ ಈ ಮಿತಿ ಇಲ್ಲ, ಡಿಜಿಕ್ಯಾಮ್ ಅದರಲ್ಲೂ ಬರೆಯುತ್ತದೆ. ಆದರೂ ಮುಂದೆ ಯಾರು ಯಾವ ಸಾಫ್ಟ್‌ವೇರಿನಲ್ಲಿ ತೆರೆಯುತ್ತಾರೋ ಗೊತ್ತಿಲ್ಲವಲ್ಲ. ಅದಕ್ಕೇ ಟ್ಯಾಗ್ ಚಿಕ್ಕದಾಗಿರಲಿ. ಬಸವನಗುಡಿ ಒಂದು ಟ್ಯಾಗ್, ಕಡಲೆಕಾಯಿ ಪರಿಷೆ ಇನ್ನೊಂದು. ಹುಡುಕುವಾಗ ಎರಡನ್ನೂ ಸೇರಿಸಿ ಹುಡುಕಿದರಾಯಿತು.

ಎರಡು, ಕಣ್ಣಿಗೆ ಕಾಣದ ಅಕ್ಷರ. 'ಲಾಲ್‌ಬಾಗ್' ಅಂತ ಬಿಡಿಸಿ ಬರೆಯೋಕೆ ಲಕಾರದ ನಂತರ ಒಂದು ಕಾಣದ ಸಂಕೇತ ಹಾಕಬೇಕು, ಇಲ್ಲದಿದ್ದರೆ ಬಕಾರ ಒತ್ತಾಗಿ ಕೆಳಗೆ ಹೋಗುತ್ತದೆ. ಫೋನಿನ ಕೀಬೋರ್ಡಿನಲ್ಲಿ ಒಂದು ರೀತಿ ಬರುತ್ತದೆ, ಕಂಪ್ಯೂಟರಿನಲ್ಲಿ ಇನ್ನೊಂದು ರೀತಿ. ಯಂತ್ರಕ್ಕೆ ಇವು ಎರಡು ಬೇರೆ ಪದ. ಎರಡು ಟ್ಯಾಗ್ ಹುಟ್ಟಿಕೊಳ್ಳುತ್ತವೆ, ಅರ್ಧ ಫೋಟೊ ಅಲ್ಲಿ, ಅರ್ಧ ಇಲ್ಲಿ. ಹೊಸ ಟ್ಯಾಗ್ ಪೂರ್ತಿ ಟೈಪ್ ಮಾಡುವ ಬದಲು ಎರಡು ಅಕ್ಷರ ಹೊಡೆದು, ಕೆಳಗೆ ಬರುವ ಪಟ್ಟಿಯಿಂದ ಆರಿಸಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಇಷ್ಟರಿಂದ ಎಷ್ಟೋ ತಲೆನೋವು ತಪ್ಪುತ್ತದೆ.

ಮುಖ ಗುರುತಿಸುವ ಕೆಲಸ ಪೂರ್ತಿ ನಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಅದಕ್ಕೆ ಬೇಕಾದ ಮಾಡೆಲ್ ಫೈಲುಗಳನ್ನು ಒಂದು ಸಲ ಇಳಿಸಿಕೊಂಡರೆ ಸಾಕು, ಮನೆಯವರ ಮುಖಗಳು ಎಲ್ಲಿಗೂ ಹೋಗುವುದಿಲ್ಲ. ನನಗೆ ಇದು ತುಂಬಾ ದೊಡ್ಡ ವಿಷಯ. 2020ರಲ್ಲಿ ಬಂದ 7.0 ಆವೃತ್ತಿಯಿಂದ ಮುಖ ಪತ್ತೆಗೆ ಡೀಪ್ ಲರ್ನಿಂಗ್ ಬಳಸುತ್ತಿದ್ದಾರೆ, ಹಳೆಯದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಮದುವೆ ಫೋಟೊಗಳಲ್ಲಿ ಬಾಸಿಂಗ ಕಟ್ಟಿದ ಮುಖ, ಪಕ್ಕಕ್ಕೆ ತಿರುಗಿದ ಮುಖ ಕೂಡ ಹಿಡಿಯುತ್ತದೆ. ಹೆಸರನ್ನು ಅದು ಬರೀ ಸೂಚಿಸುತ್ತದೆ, ಒಪ್ಪುವುದು ನೀವು. ಈ ಒಪ್ಪಿಗೆಯ ಹಂತವನ್ನು ದಯವಿಟ್ಟು ಅವಸರದಲ್ಲಿ ಮಾಡಬೇಡಿ. ಅಕ್ಕತಂಗಿಯರ ಮುಖ, ತಾಯಿ ಮಗಳ ಮುಖ ಒಂದೇ ಥರ ಇರುತ್ತವೆ. ಮಕ್ಕಳ ಮುಖ ವರ್ಷ ವರ್ಷಕ್ಕೂ ಬದಲಾಗುತ್ತದೆ. ಹಳೆಯ ಆಲ್ಬಮ್‌ನ ಹಿರಿಯರ ಹೆಸರು ಹೇಳಬಲ್ಲವರು ಮನೆಯಲ್ಲಿ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸ ಮೊದಲು ಮುಗಿಸಿ. ಬೇರೆ ಎಲ್ಲವನ್ನೂ ನಿಧಾನಕ್ಕೆ ಮಾಡಬಹುದು. ಇದೊಂದು ಕಾಯೋದಿಲ್ಲ.

ತಾರೀಖಿನ ಗೋಜಲು ಎಲ್ಲರ ಮನೆಯಲ್ಲೂ ಇದೆ. ವಾಟ್ಸಾಪ್‌ನಲ್ಲಿ ಬಂದ ಫೋಟೊಗಳಲ್ಲಿ ಕ್ಯಾಮೆರಾ ಬರೆದ ಎಕ್ಸಿಫ್ ಮಾಹಿತಿ ಇರುವುದಿಲ್ಲ. ತೆಗೆದ ತಾರೀಖೂ ಇಲ್ಲ, ಜಾಗವೂ ಇಲ್ಲ. ಫೈಲಿನ ಹೆಸರಿನಲ್ಲಿ ಫೋಟೊ ವಾಟ್ಸಾಪ್‌ಗೆ ಬಂದ ವರ್ಷ, ತಿಂಗಳು, ದಿನ ಮಾತ್ರ ಇರುತ್ತದೆ. ಡಿಜಿಕ್ಯಾಮ್‌ನ ಟೈಮ್ ಅಡ್ಜಸ್ಟ್ ಉಪಕರಣ ಆ ಹೆಸರಿನಿಂದಲೇ ತಾರೀಖು ತೆಗೆದು ಒಳಗೆ ಬರೆಯುತ್ತದೆ, ಎಷ್ಟು ಫೋಟೊ ಆದರೂ ಒಂದೇ ಏಟಿಗೆ. ಕ್ಯಾಮೆರಾದ ಗಡಿಯಾರ ತಪ್ಪಿದ್ದ ಪ್ರವಾಸದ ಫೋಟೊಗಳನ್ನೂ ಇದರಲ್ಲೇ ಇಷ್ಟು ಗಂಟೆ ಮುಂದೆ, ಹಿಂದೆ ಅಂತ ಸರಿ ಮಾಡಬಹುದು. ಸ್ಕ್ಯಾನ್ ಮಾಡಿದ ನೆಗೆಟಿವ್‌ಗಳಿಗೆ ಮಾತ್ರ ಯಂತ್ರದ ಸಹಾಯ ಇಲ್ಲ. ಅದರಲ್ಲಿ ಇರುವುದು ಸ್ಕ್ಯಾನ್ ಮಾಡಿದ ದಿನ. ನಾನು ಅಂದಾಜು ವರ್ಷದ ಜನವರಿ 1 ಅಂತ ಹಾಕಿ, ಜೊತೆಗೆ 'ಅಂದಾಜು ತಾರೀಖು' ಅನ್ನುವ ಟ್ಯಾಗ್ ಇಡುತ್ತೇನೆ. ಮುಂದೆ ನೋಡುವವರು ಅದನ್ನೇ ಖಚಿತ ಅಂದುಕೊಳ್ಳಬಾರದು.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟಿದ್ದು ನಕ್ಷೆ. ಜಿಪಿಎಸ್ ಇಲ್ಲದ ಹಳೆಯ ಫೋಟೊಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮೇಲೆ ಎಳೆದು ತಂದು ಬಿಟ್ಟರೆ ಆ ಜಾಗದ ಅಕ್ಷಾಂಶ, ರೇಖಾಂಶ ಫೋಟೊದ ಒಳಗೆ ಸೇರುತ್ತದೆ. ಆಮೇಲೆ ನಕ್ಷೆಯಲ್ಲಿ ಒಂದು ಚೌಕ ಎಳೆದರೆ ಅಲ್ಲಿ ತೆಗೆದದ್ದೆಲ್ಲ ಮುಂದೆ ಬಂದು ನಿಲ್ಲುತ್ತದೆ. ಎಂ.ಜಿ. ರಸ್ತೆಯ ಮೇಲೆ ಚೌಕ ಎಳೆದು ತಾರೀಖಿನ ಪ್ರಕಾರ ಜೋಡಿಸಿ ನೋಡಿದೆ. ಮೊದಲು ಮರಗಳ ಸಾಲಿನ ಬುಲೆವಾರ್ಡ್, ಆಮೇಲೆ ತಗಡಿನ ಬೇಲಿ, ಕಂಬಗಳು, ಕೊನೆಗೆ 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಕಡೆ ಹೊರಟ ಮೊದಲ ಮೆಟ್ರೊ. ಬೇರೆ ಬೇರೆ ಫೋಲ್ಡರಿನಲ್ಲಿ ಚೆಲ್ಲಿ ಹೋಗಿದ್ದ ಈ ಚಿತ್ರಗಳು ಹೀಗೆ ಸಾಲಾಗಿ ನಿಂತಾಗ ಇಷ್ಟು ವರ್ಷದ ಕೆಲಸ ಸಾರ್ಥಕ ಅನಿಸಿತು. ಊರಿನ ಫೋಟೊ ಇಟ್ಟುಕೊಂಡಿರುವ ಪ್ರತಿಯೊಬ್ಬರೂ ಇದನ್ನು ಮಾಡಬೇಕು ಅಂತ ನನಗೆ ನಿಜವಾಗಲೂ ಅನಿಸುತ್ತದೆ.

ಕಷ್ಟಗಳೂ ಇವೆ. ಪರದೆ ತುಂಬಾ ಗುಂಡಿಗಳು, ಮೆನುವಿನೊಳಗೆ ಮೆನು. ಹೊಸಬರು ಮೊದಲ ವಾರದಲ್ಲೇ ಬಿಟ್ಟು ಹೋಗುವ ಸಾಧ್ಯತೆ ಜಾಸ್ತಿ. ಫೋನಿಗೆ ಆ್ಯಪ್ ಇಲ್ಲ. ಮೊದಲ ಸಲ ಎಲ್ಲ ಫೋಟೊಗಳ ಮುಖ ಹುಡುಕಲು ಬಿಟ್ಟರೆ ಸಾಧಾರಣ ಕಂಪ್ಯೂಟರಿನಲ್ಲಿ ರಾತ್ರಿಯಿಡೀ ಓಡುತ್ತದೆ. ಡೇಟಾಬೇಸನ್ನು ಹಳೆಯ ಥರದ ಹಾರ್ಡ್‌ಡಿಸ್ಕಿನ ಮೇಲೆ ಇಡಬೇಡಿ, ಎಸ್‌ಎಸ್‌ಡಿಯಲ್ಲಿಡಿ. ಫೋಟೊಗಳು ಹಾರ್ಡ್‌ಡಿಸ್ಕಿನಲ್ಲೇ ಇದ್ದರೂ ಪರವಾಗಿಲ್ಲ. ಲಕ್ಷಕ್ಕಿಂತ ಜಾಸ್ತಿ ಫೋಟೊ ಇದ್ದರೆ ಎಸ್‌ಕ್ಯುಲೈಟ್ ಅನ್ನುವ ಸರಳ ಡೇಟಾಬೇಸ್ ಬದಲು ಮರಿಯಾಡಿಬಿ ಅನ್ನುವ ದೊಡ್ಡ ಡೇಟಾಬೇಸ್ ಬಳಸಿ ಅಂತ ಅದನ್ನು ಕಟ್ಟಿದವರೇ ಹೇಳುತ್ತಾರೆ. ಎಸ್‌ಎಸ್‌ಡಿ ಇರುವುದರಿಂದ ನಾನು ಎಸ್‌ಕ್ಯುಲೈಟ್‌ನಲ್ಲೇ ಇದ್ದೇನೆ, ನಡೆಯುತ್ತಿದೆ. ಇನ್ನೊಂದು ಮಾತು. ಅಳಿಸಿದ ಫೋಟೊಗಳು ಅದರದೇ ಕಸದಬುಟ್ಟಿಗೆ ಹೋಗುತ್ತವೆ. ಅದು ಅದೇ ಡಿಸ್ಕಿನಲ್ಲಿ ಮರೆಯಾಗಿ ಕೂತಿರುತ್ತದೆ, ಅಲ್ಲಿಂದಲೂ ಖಾಲಿ ಮಾಡಿದರೆ ಮಾತ್ರ ಜಾಗ ಬಿಡುಗಡೆ.

ಬೇರೆಯವನ್ನೂ ನೋಡಿದ್ದೇನೆ. ಫೋಟೊ ತಿದ್ದುವುದೇ ಮುಖ್ಯ ಆದವರಿಗೆ ಲೈಟ್‌ರೂಮ್ ಕ್ಲಾಸಿಕ್ ಇನ್ನೂ ಮುಂದಿದೆ, ಅನುಮಾನ ಇಲ್ಲ. ಆದರೆ ಅದು ಚಂದಾ ಮೇಲೆ ನಡೆಯುವಂಥದ್ದು, ಮತ್ತು ಟ್ಯಾಗುಗಳನ್ನು ಫೈಲಿಗೆ ತಾನಾಗಿ ಬರೆಯುವ ಆಯ್ಕೆಯನ್ನು ನಾವೇ ಹುಡುಕಿ ಆನ್ ಮಾಡಬೇಕು. ಎಕ್ಸ್‌ಎನ್‌ವ್ಯೂ ಎಂಪಿ ಹಗುರ, ಮನೆ ಬಳಕೆಗೆ ಉಚಿತ. ಕೆಲವೇ ಸಾವಿರ ಫೋಟೊ ಇರುವವರಿಗೆ ಅದು ಸಾಕು.

ಫೋನಿನಲ್ಲಿ ನೋಡುವ ಕೊರತೆಯನ್ನು ನಾನು ಇಮ್ಮಿಚ್‌ನಿಂದ ತುಂಬಿಸಿಕೊಂಡಿದ್ದೇನೆ. ಇದೂ ಮುಕ್ತ ಸಾಫ್ಟ್‌ವೇರ್, ಮನೆಯ ಒಂದು ಕಂಪ್ಯೂಟರಿನಲ್ಲಿ ಸರ್ವರ್ ಥರ ಕೂರಿಸಿಕೊಳ್ಳುವಂಥದ್ದು. 2025ರ ಅಕ್ಟೋಬರ್‌ನಲ್ಲಿ 2.0 ಬಂದ ಮೇಲೆ ನೆಚ್ಚಿಕೊಳ್ಳಬಹುದು ಅನ್ನುವಷ್ಟು ಸ್ಥಿರವಾಗಿದೆ. ಇಂಥ ಸರ್ವರ್ ಸಾಫ್ಟ್‌ವೇರ್ ಕೂರಿಸಿ ನಡೆಸುವ ಡಾಕರ್ ಅನ್ನುವ ಸಾಧನ ಗೊತ್ತಿರುವವರು ಮನೆಯಲ್ಲಿ ಒಬ್ಬರಿರಬೇಕು. ನಮ್ಮ ಊರಲ್ಲಿ ಅದೇನು ಕಷ್ಟವಲ್ಲ ಬಿಡಿ. ಡಿಜಿಕ್ಯಾಮ್‌ನ ಫೋಲ್ಡರನ್ನೇ ಅದಕ್ಕೆ ಹೊರಗಿನ ಲೈಬ್ರರಿ ಅಂತ ತೋರಿಸಿದೆ, ಬರೀ ಓದುವ ಅನುಮತಿ ಕೊಟ್ಟು. ಸೆಟ್ಟಿಂಗ್ಸ್‌ನಲ್ಲಿ ಫೈಲಿನೊಳಗಿನ ಮುಖಗಳನ್ನು ಓದಿಕೊಳ್ಳುವ ಆಯ್ಕೆ ಇದೆ, ಅದನ್ನು ಆನ್ ಮಾಡಿದೆ. ಡಿಜಿಕ್ಯಾಮ್‌ನಲ್ಲಿ ಕೊಟ್ಟಿದ್ದ ಹೆಸರುಗಳು, ಟ್ಯಾಗುಗಳು ಕನ್ನಡದಲ್ಲೇ ಅಲ್ಲಿ ಬಂದು ಕೂತವು. ಒಂದಕ್ಷರ ಮತ್ತೆ ಟೈಪ್ ಮಾಡಲಿಲ್ಲ. ಈಗ ಮನೆಯವರು ಫೋನಿನಲ್ಲಿ ಅಜ್ಜಿಯ ಹೆಸರು ಒತ್ತಿದರೆ ಅಜ್ಜಿಯ ಫೋಟೊಗಳೆಲ್ಲ ಬರುತ್ತವೆ.

ಡಿಜಿಕ್ಯಾಮ್ ಕಟ್ಟುವವರಿಂದ ನನಗೆ ಇನ್ನು ಬೇಕಾಗಿರುವುದು ಒಂದೇ. ಟ್ಯಾಗ್ ಹುಡುಕುವಾಗ ಆ ಕಾಣದ ಸಂಕೇತವನ್ನು ಲೆಕ್ಕಕ್ಕೆ ತಗೊಳ್ಳದೆ ಹುಡುಕುವ ಹಾಗಾಗಬೇಕು. ಪ್ರೋಗ್ರಾಮಿಂಗ್ ಬಲ್ಲ ಕನ್ನಡಿಗರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದೀರಿ, ಅದರ ಕೋಡ್ ಎಲ್ಲರಿಗೂ ತೆರೆದಿದೆ. ಯಾರಾದರೂ ಕೈ ಹಾಕಿದರೆ, ಪರೀಕ್ಷೆ ಮಾಡಿ ನೋಡಲು ಕನ್ನಡ ಟ್ಯಾಗುಗಳ ದೊಡ್ಡ ಪಟ್ಟಿಯೇ ನನ್ನಲ್ಲಿದೆ, ಖುಷಿಯಿಂದ ಕೊಡುತ್ತೇನೆ.